ನಾಯಿ ಖಾತೆಯ ನೆಮೊತೊ-ಸಾನ್

ಟೋಕಿಯೊದ ನೆರಿಮಾದಲ್ಲಿ ಮಂಗಾ ಚಿತ್ರಕಥೆ ಬಿಡಿಸುವವರು ಎಷ್ಟು ಮಂದಿ ಇದ್ದಾರೆಂದರೆ, ಸ್ಟೇಷನ್ ಎದುರಿನ ಟೋಫು ಅಂಗಡಿಯವನು ಗಿರಾಕಿಯ ಬೆರಳಿನ ಮಸಿ ನೋಡಿಯೇ ಯಾವ ಪತ್ರಿಕೆಯ ಗಡುವು ಹತ್ತಿರ ಬಂದಿದೆ ಎಂದು ಹೇಳಿಬಿಡುತ್ತಾನೆ. ಅಂಥ ಕಡೆ ಮೂವತ್ತೊಂಬತ್ತು ವರ್ಷ ಬೆರಳಿಗೆ ಮಸಿ ಮೆತ್ತಿಕೊಂಡು ಬದುಕಿದರೂ ನೆಮೊತೊ ಹಿಸಾಮಿಯ ಹೆಸರು ಹೊರಗೆ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕೆಂಬ ಆಸೆ ಅವಳಿಗೂ ಇದ್ದಂತೆ ಕಾಣುತ್ತಿರಲಿಲ್ಲ. ಇದ್ದಿದ್ದರೂ ಅದನ್ನು ಒಗೆದು, ಮಡಚಿ, ಕೈಗೆಟುಕದ ಮೇಲಿನ ಅರೆಯಲ್ಲಿ ಇಟ್ಟಿದ್ದಳು.

ಅವಳು ನೀಗಾತಾ ಕರಾವಳಿಯ ಮುರಾಕಮಿಯವಳು. ಅಪ್ಪನದು ಒಣಮೀನಿನ ಅಂಗಡಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಚೀಲ, ಎರಡು ಪೆನ್ನು ಹಿಡಿದು ಟೋಕಿಯೊಗೆ ಬಂದು, ತೊಕಿತಾ ಶಿಗೆಮಿ ಎಂಬ ಚಿತ್ರಗಾರರ ಮನೆಯಲ್ಲಿ ಸಹಾಯಕಿಯಾಗಿ ಸೇರಿಕೊಂಡಳು. ಆಗ ಅವರ ‘ಕೊಡೆ ಗೆಂಜೊ’ ಧಾರಾವಾಹಿ ಶುರುವಾಗಿ ಒಂದು ವರ್ಷವಾಗಿತ್ತು. ಹಳೆಯ ಎದೊ ಕಾಲದ ಕತೆ ಅದು. ಗೆಂಜೊ ಕತ್ತಿ ಬಿಟ್ಟ ಸಮುರಾಯಿ, ಹರಿದ ಕೊಡೆಗೆ ಕಾಗದ ಅಂಟಿಸಿ ಹೊಟ್ಟೆ ಹೊರೆಯುತ್ತಾನೆ. ವಾರಕ್ಕೊಬ್ಬರು ಹರಿದ ಕೊಡೆಯ ಜೊತೆ ಒಂದು ಹರಿದ ಸಂಸಾರವನ್ನೂ ತರುತ್ತಾರೆ. ಗೆಂಜೊ ಎರಡನ್ನೂ ರಿಪೇರಿ ಮಾಡಿ ಕಳಿಸುತ್ತಾನೆ.

ಸೇರಿದ ಮೊದಲ ವಾರ ಹಿಸಾಮಿಯ ಕೈಗೆ ಬಂದ ಪುಟದಲ್ಲಿ ಬೀದಿಯ ಒಂದು ಮೂಲೆ ಖಾಲಿ ಉಳಿದಿತ್ತು.

"ಸೆನ್ಸೇ, ಇಲ್ಲಿ ಏನು ಹಾಕ್ಲಿ?" ಎಂದು ಗುರುಗಳನ್ನು ಕೇಳಿದಳು.

"ಏನಾದ್ರೂ ಹಾಕಮ್ಮ. ಬಾವಿ, ಗಿಡ, ನಿಮ್ಮಪ್ಪ... ಏನಾದ್ರೂ!" ಎಂದರು ತೊಕಿತಾ, ತಲೆಯೆತ್ತದೆ.

ಅಪ್ಪನನ್ನು ಹಾಕುವುದು ಮರ್ಯಾದೆಯಲ್ಲ ಎನಿಸಿತು. ಅಪ್ಪನ ಅಂಗಡಿಯ ಮುಂದೆ ಮಲಗುತ್ತಿದ್ದ ನಾಯಿಯನ್ನು ಹಾಕಿದಳು. ಆ ಅಂಗಡಿಯ ಸೂರಿನಿಂದ ಸಾಲುಸಾಲಾಗಿ ಸಾಮನ್ ಮೀನುಗಳನ್ನು ನೇತುಹಾಕಿರುತ್ತಿದ್ದರು. ಇವತ್ತಲ್ಲ ನಾಳೆ ಒಂದಾದರೂ ಕಳಚಿ ಬಿದ್ದೀತೆಂದು ಆ ನಾಯಿ ಅದರ ಅಡಿಯಲ್ಲೇ ಬಿದ್ದುಕೊಂಡಿರುತ್ತಿತ್ತು. ಎಂದೋ ಕೈಗಾಡಿಯ ಚಕ್ರ ಮೇಲೆ ಹರಿದು ಅದರ ಒಂದು ಹಿಂಗಾಲು ಮಡಚಲಾರದೆ ಹೋಗಿತ್ತು. ಹಾಗಾಗಿ ಆ ಕಾಲನ್ನು ಕೋಲಿನಂತೆ ಪಕ್ಕಕ್ಕೆ ಚಾಚಿ, ಬೀದಿಗೆ ಬಾಡಿಗೆ ಕಟ್ಟಿದವನ ಗತ್ತಿನಲ್ಲಿ ಮಲಗುತ್ತಿತ್ತು.

ಮುಂದಿನ ವಾರ ಪತ್ರಿಕೆಯ ಕಚೇರಿಗೆ ಓದುಗರಿಂದ ಇಪ್ಪತ್ತಮೂರು ಕಾರ್ಡುಗಳು ಬಂದವು. ಎಲ್ಲದರಲ್ಲೂ ಒಂದೇ ಪ್ರಶ್ನೆ: ಆ ನಾಯಿಯ ಹೆಸರೇನು?

"ಯಾವ ನಾಯಿ?" ಎಂದರು ತೊಕಿತಾ. ಅಚ್ಚಾದ ಪತ್ರಿಕೆಯನ್ನು ಮೂಗಿನ ಹತ್ತಿರ ತಂದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, "ಇನ್ಮೇಲೆ ನಾಯಿ ನಿಂದು. ಮನುಷ್ಯರನ್ನ ನಾನು ನೋಡ್ಕೋತೀನಿ" ಎಂದು ಹೇಳಿ ಪಾಲು ಮಾಡಿಕೊಟ್ಟರು. ಹಿರಿಯ ಸಹಾಯಕ ಕುರೊಸೆ ಅಂದಿನಿಂದ ಅವಳನ್ನು ‘ನಾಯಿ ಖಾತೆ ಮಂತ್ರಿಗಳೇ’ ಎಂದೇ ಕರೆಯತೊಡಗಿದ.

ಮಂತ್ರಿಗಿರಿ ಇಪ್ಪತ್ತೆಂಟು ವರ್ಷ ನಡೆಯಿತು. ನಾಯಿಗೆ ಹೆಸರಿಡಲೇ ಇಲ್ಲ, ಗೆಂಜೊ ಅದನ್ನು ‘ಏಯ್’ ಎನ್ನುತ್ತಿದ್ದ, ಅಷ್ಟೆ. ಒಮ್ಮೆ ಪತ್ರಿಕೆಯವರು ಓದುಗರ ಮೆಚ್ಚಿನ ಪಾತ್ರ ಯಾವುದೆಂದು ಮತ ಹಾಕಿಸಿದರು. ಗೆಂಜೊ ಮೊದಲನೆಯವನಾಗಿ, ನಾಯಿ ಎರಡನೆಯದಾಗಿ ಬಂತು. ನಡುವೆ ಇದ್ದದ್ದು ಬರೀ ಹದಿನೇಳು ಮತ. ತೊಕಿತಾ ಸೆನ್ಸೇ ಆ ದಿನ ಊಟ ಮಾಡಲಿಲ್ಲ. ಮುಂದಿನ ಸಂಚಿಕೆಯಲ್ಲಿ ನಾಯಿ ಇಸೆ ಕ್ಷೇತ್ರಕ್ಕೆ ಯಾತ್ರೆ ಹೋಗಿದೆ ಎಂದು ಒಂದು ಸಾಲು ಬರೆದು ಅದನ್ನು ಕತೆಯಿಂದಲೇ ಹೊರಗಿಟ್ಟರು. ಆರು ವಾರ ಓದುಗರು ಕಾದರು. ಏಳನೆಯ ವಾರ ಕಾರ್ಡುಗಳು ಗೋಣಿಚೀಲದಲ್ಲಿ ಬಂದವು. ನಾಯಿ ಕುತ್ತಿಗೆಗೆ ದೇವಸ್ಥಾನದ ರಕ್ಷೆ ಕಟ್ಟಿಕೊಂಡು, ಮೊದಲಿಗಿಂತ ಒಂದಿಷ್ಟು ದಪ್ಪವಾಗಿ ವಾಪಸ್ ಬಂತು.

ಸಂದರ್ಶನಗಳಲ್ಲಿ ಮಾತ್ರ ತೊಕಿತಾ, "ಆ ನಾಯಿಯನ್ನು ನಾನು ಕಣ್ಣು ಮುಚ್ಚಿಕೊಂಡೇ ಬಿಡಿಸಬಲ್ಲೆ" ಎನ್ನುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಮಧ್ಯಾಹ್ನ ಅವರು ಕಣ್ಣು ಮುಚ್ಚಿ ನಿದ್ದೆ ತೆಗೆದು ಏಳುವ ಹೊತ್ತಿಗೆ ನಾಯಿ ತಯಾರಾಗಿರುತ್ತಿತ್ತು. ಹಿಸಾಮಿ ಇದನ್ನು ಓದಿ ನಕ್ಕು ಸುಮ್ಮನಾಗುತ್ತಿದ್ದಳು. ಮುಖಪುಟದಲ್ಲಿ ಯಾರ ಹೆಸರಿದೆಯೋ ಒಳಗಿನದೆಲ್ಲ ಅವರದೇ ಎಂಬುದು ಆ ಕಸುಬಿನ ರೂಢಿ. ಅದನ್ನು ಪ್ರಶ್ನಿಸುವುದೆಂದರೆ ಅಡುಗೆಮನೆಯಿಂದ ಓಡಿಬಂದು, ಈರುಳ್ಳಿ ಹೆಚ್ಚಿದ್ದು ನಾನು ಎಂದು ಗಿರಾಕಿಗೆ ಹೇಳಿದ ಹಾಗೆ.

ಇಪ್ಪತ್ತೈದರಲ್ಲಿ ಅವಳೂ ಒಂದು ಸ್ವಂತ ಕತೆ ಬಿಡಿಸಿದ್ದಳು. ಇಪ್ಪತ್ತನಾಲ್ಕು ಪುಟ, ಮೀನಂಗಡಿಯ ಹುಡುಗಿಯ ಕತೆ. ಒಂದು ತ್ರೈಮಾಸಿಕದಲ್ಲಿ ಅಚ್ಚಾಯಿತು. ಹನ್ನೊಂದು ಕತೆಗಳಲ್ಲಿ ಓದುಗರು ಅದಕ್ಕೆ ಹನ್ನೊಂದನೆಯ ಸ್ಥಾನ ಕೊಟ್ಟರು.

"ಬೇಜಾರು ಮಾಡ್ಕೋಬೇಡ. ಹನ್ನೆರಡನೇದು ಇದ್ದಿದ್ರೆ ಅದನ್ನ ನೀನು ಖಂಡಿತ ಸೋಲಿಸ್ತಿದ್ದೆ" ಎಂದು ಸಮಾಧಾನ ಹೇಳಿ, ಹಾವುಮೀನಿನ ಊಟ ಕೊಡಿಸಿದರು ತೊಕಿತಾ. ಅವಳ ಪಾಲಿನ ಸೂಪನ್ನೂ ತಾವೇ ಕುಡಿದರು. ಹಿಸಾಮಿ ಮತ್ತೆ ಸ್ವಂತ ಕತೆಗೆ ಕೈ ಹಾಕಲಿಲ್ಲ.

ಹನ್ನೊಂದು ವರ್ಷದ ಕೆಳಗೆ ಸೆನ್ಸೇಯ ಕೈ ನಡುಗಲು ಶುರುವಾಗಿ ‘ಕೊಡೆ ಗೆಂಜೊ’ ಮುಗಿಯಿತು. ಕೊನೆಯ ಪುಟದಲ್ಲಿ ಗೆಂಜೊ ಮತ್ತು ನಾಯಿ ಸೇತುವೆ ದಾಟಿ ಹೋಗುತ್ತಾರೆ, ನಮಗೆ ಬೆನ್ನು ಮಾತ್ರ ಕಾಣುತ್ತದೆ. ಗೆಂಜೊನ ಬೆನ್ನಿಗೆ ಸೆನ್ಸೇ ಮೂರು ದಿನ ತೆಗೆದುಕೊಂಡರು. ಹಿಸಾಮಿ ನಾಯಿಯ ಬೆನ್ನನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿ, ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು. ಹೊರಗೆ ಬಂದಾಗ ಕುರೊಸೆ, "ಮಂತ್ರಿಗಳಿಗೆ ನೆಗಡಿಯಾ?" ಎಂದ. "ಹೂಂ, ನೆಗಡಿ" ಎಂದಳು. ಅವನ ಕಣ್ಣಿಗೂ ಅದೇ ನೆಗಡಿಯಾಗಿತ್ತು.

ಆಮೇಲೆ ಒಂದೆರಡು ಕಡೆ ಕೆಲಸ ಮಾಡಿ, ಆರು ವರ್ಷದಿಂದ ಹಿಸಾಮಿ ಇಗುಚಿ ರಿಯೊಸುಕೆಯ ಚಿತ್ರಶಾಲೆಯಲ್ಲಿದ್ದಾಳೆ. ಇಗುಚಿಗೆ ಮೂವತ್ತೆಂಟು. ಒಂದು ಹೈಸ್ಕೂಲಿನ ಊಟದ ಮನೆಯ ಪುಂಡ ಅಡುಗೆಯವನ ಕುರಿತ ಅವನ ಧಾರಾವಾಹಿ ಮನೆಮಾತಾಗಿದೆ. ಅವನು ಈ ಕಸುಬಿಗೆ ಬಂದದ್ದೇ ಒಂಬತ್ತನೆಯ ವಯಸ್ಸಿನಲ್ಲಿ ‘ಕೊಡೆ ಗೆಂಜೊ’ ಓದಿ. ಅರವತ್ತೊಂದು ಸಂಪುಟಗಳನ್ನೂ ದೇವರ ಪಟದಂತೆ ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾನೆ. ಹಿಸಾಮಿಯನ್ನು ಅವನು ತೆಗೆದುಕೊಂಡದ್ದು ಹೆಂಚಿನ ಮಾಡು, ಬೀದಿ, ಮೆಟ್ಟಿಲು ಬಿಡಿಸಲಿಕ್ಕೆ. ತೊಕಿತಾ ಅವರ ಬಳಿಯೂ ಅವಳು ಅದನ್ನೇ ಮಾಡುತ್ತಿದ್ದಳೆಂದು ಅವನ ತಿಳುವಳಿಕೆ. ಅಲ್ಲಿ ಎಲ್ಲ ಕೆಲಸವೂ ಕಂಪ್ಯೂಟರಿನಲ್ಲಿ. ಇಪ್ಪತ್ತನಾಲ್ಕು ವರ್ಷದ ಹೊನೊಕಾ ಎಂಬ ಸಹಾಯಕಿ ಹಿಸಾಮಿಗೆ ಅದನ್ನು ಕಲಿಸಿದಳು. ಮೊದಲ ಒಂದು ತಿಂಗಳು ಹಿಸಾಮಿ ತಪ್ಪಾದಾಗಲೆಲ್ಲ ಪರದೆಯನ್ನು ರಬ್ಬರಿನಿಂದ ಉಜ್ಜುತ್ತಿದ್ದಳಂತೆ. ಇದು ಹೊನೊಕಾ ಹೇಳುವ ಮಾತು, ಹಿಸಾಮಿ ಒಪ್ಪುವುದಿಲ್ಲ.

ಈ ವಸಂತದಲ್ಲಿ ಪತ್ರಿಕೆಯವರು ‘ಕೊಡೆ ಗೆಂಜೊ’ಗೆ ನಲವತ್ತು ತುಂಬಿದ ನೆನಪಿಗೆ ವಿಶೇಷ ಸಂಚಿಕೆ ತರಲು ಹೊರಟರು. ಆ ಕತೆ ಓದಿ ಬೆಳೆದ ಹತ್ತೊಂಬತ್ತು ಮಂದಿ ಹೆಸರಾಂತ ಚಿತ್ರಗಾರರು ತಲಾ ಎರಡು ಪುಟ ಬಿಡಿಸಿ ನಮನ ಸಲ್ಲಿಸಬೇಕು. ಇಗುಚಿಗೂ ಕರೆ ಬಂತು. ಕರೆ ಬಂದ ದಿನ ಅವನು ಕೋಣೆಯ ತುಂಬ ಕುಣಿದ. ಮಾರನೆಯ ದಿನ ಬಾಗಿಲು ಹಾಕಿಕೊಂಡು ಬಿಡಿಸಲು ಕುಳಿತ. ಹನ್ನೆರಡು ಸಲ ಅಳಿಸಿಹಾಕಿ, ಹದಿಮೂರನೆಯ ಸಲ ಒಂದು ಚಿತ್ರ ನಿಲ್ಲಿಸಿಕೊಂಡ: ಮಳೆಯಲ್ಲಿ ಅವನ ಪುಂಡ ಅಡುಗೆಯವನು ಗೆಂಜೊನ ಗುಡಿಸಲಿಗೆ ಬಂದು ನಿಂತಿದ್ದಾನೆ, ಗೆಂಜೊ ಅವನ ಕೊಡೆಗೆ ಕಾಗದ ಅಂಟಿಸುತ್ತಿದ್ದಾನೆ, ಕಾಲ ಬಳಿ ನಾಯಿ.

ಹಿನ್ನೆಲೆಯ ಮಳೆ ಬಿಡಿಸಲು ಪುಟ ಹಿಸಾಮಿಯ ಪರದೆಗೆ ಬಂತು. ಅವಳು ನೋಡಿದಳು. ಸುಮ್ಮನಿರಬೇಕೆಂದೇ ಇದ್ದಳು. ನಾಲಿಗೆ ಕೇಳಲಿಲ್ಲ.

"ಇಗುಚಿ-ಸಾನ್, ನಾಯಿಯ ಹಿಂಗಾಲು ಹೀಗೆ ಮಡಚಲ್ಲ."

ಇಗುಚಿ ಕುರ್ಚಿ ತಿರುಗಿಸಿದ. "ನೆಮೊತೊ-ಸಾನ್, ಬೇರೆ ಏನು ಬೇಕಾದ್ರೂ ಹೇಳಿ, ಕೇಳ್ತೀನಿ. ಆದ್ರೆ ಈ ನಾಯಿ ವಿಷಯದಲ್ಲಿ ಮಾತ್ರ ಬೇಡ. ಒಂಬತ್ತನೇ ವಯಸ್ಸಿಂದ ಬಿಡಿಸ್ತಾ ಇದೀನಿ ನಾನು ಇದನ್ನ."

"ಮೂವತ್ತು ವರ್ಷದಿಂದ ತಪ್ಪು ಬಿಡಿಸ್ತಾ ಇದೀರಿ ಹಾಗಾದ್ರೆ."

ಹೊನೊಕಾ ಕಿವಿಗೆ ಹಾಕಿಕೊಂಡಿದ್ದ ಹಾಡಿನ ತಂತಿ ತೆಗೆದು ಈ ಕಡೆ ತಿರುಗಿದಳು.

ಇಗುಚಿ ಎದ್ದ. ಕೈ ತೊಳೆದುಕೊಂಡು ಬಂದು, ಗಾಜಿನ ಕಪಾಟು ತೆಗೆದು, ಹದಿನಾಲ್ಕನೆಯ ಸಂಪುಟ ಹೊರತೆಗೆದ. ಪುಟ ಹುಡುಕಬೇಕಾಗಲಿಲ್ಲ, ಪುಸ್ತಕ ತಾನೇ ಅಲ್ಲಿ ತೆರೆದುಕೊಂಡಿತು. "ನೋಡಿ. ಈ ಪುಟ ಇಟ್ಕೊಂಡೇ ನಾನು ಕಲ್ತಿದ್ದು. ಎರಡೂ ಹಿಂಗಾಲು ಮಡಚಿಲ್ವಾ? ಸ್ವತಃ ತೊಕಿತಾ ಸೆನ್ಸೇ ಗೆರೆ. ಈಗ ಹೇಳಿ!"

ಹಿಸಾಮಿ ಕನ್ನಡಕ ಏರಿಸಿ ನೋಡಿದಳು. ಆ ಪುಟ ತಯಾರಾದ ಚಳಿಗಾಲ ಅವಳಿಗೆ ಫ್ಲೂ ಬಂದು ಒಂದು ವಾರ ಹಾಸಿಗೆ ಹಿಡಿದಿದ್ದಳು. ಆ ವಾರದ ನಾಯಿಯನ್ನು ಬಿಡಿಸಿದ್ದು ಕುರೊಸೆ. ಅವನಿಗೆ ಕುದುರೆ ಚೆನ್ನಾಗಿ ಬರುತ್ತಿತ್ತು. ನಾಯಿ ಬಿಡಿಸಿದರೆ ಅದು ಸಣ್ಣ ಕುದುರೆಯೇ ಆಗುತ್ತಿತ್ತು. ಅರವತ್ತೊಂದು ಸಂಪುಟಗಳಲ್ಲಿ ಒಂದೇ ಒಂದು ಕೆಟ್ಟ ನಾಯಿ. ಈ ಮಹಾಭಕ್ತ ಅದನ್ನೇ ಗುರು ಮಾಡಿಕೊಂಡು ಕುಳಿತಿದ್ದ.

"ಆ ವಾರ ನಾಯಿಗೆ ಹುಷಾರಿರಲಿಲ್ಲ" ಎಂದಳು.

ಇಗುಚಿ ಗಹಗಹಿಸಿ ನಕ್ಕ. "ನಾಯಿಗೆ ಹುಷಾರಿರ್ಲಿಲ್ವಂತೆ!" ಎಂದು ಪುಸ್ತಕವನ್ನು ಜೋಪಾನವಾಗಿ ಕಪಾಟಿಗೆ ಸೇರಿಸಿ, ಕುರ್ಚಿಯಲ್ಲಿ ಕುಳಿತು, ಪೆನ್ನು ಕೈಗೆತ್ತಿಕೊಂಡ. ಹೊನೊಕಾ ಮಾತ್ರ ನಗಲಿಲ್ಲ. ಹಿಸಾಮಿಯನ್ನೇ ದಿಟ್ಟಿಸುತ್ತಿದ್ದಳು.

"ನೆಮೊತೊ-ಸಾನ್, ಆ ವಾರ ನಿಮಗೆ ಹುಷಾರಿತ್ತಾ?"

ಹಿಸಾಮಿ ಪರದೆಯತ್ತ ತಿರುಗಿದಳು. ಮಳೆಯ ಗೆರೆ ಎಳೆಯಲು ಹೋಗಿ ಪರದೆಯನ್ನೆಲ್ಲ ಕಪ್ಪು ಮಾಡಿಬಿಟ್ಟಳು. ಇಗುಚಿಯ ಪೆನ್ನು ನಿಧಾನವಾಗಿ ಕೆಳಗಿಳಿಯಿತು. ಅವನ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ಲೆಕ್ಕಾಚಾರ, ಆಮೇಲೆ ಭಯ ಒಂದರ ಹಿಂದೆ ಒಂದು ಬಂದು ಹೋದವು. ಅವನು ಒಂದು ಹಾಳೆ ಮತ್ತು ಪೆನ್ಸಿಲ್ ತಂದು ಅವಳ ಮುಂದಿಟ್ಟ. ಹಿಸಾಮಿ ನಿಟ್ಟುಸಿರು ಬಿಟ್ಟು, ಮೂಗಿನಿಂದ ಶುರುಮಾಡಿ ಬಾಲದವರೆಗೆ, ಹೆಚ್ಚೆಂದರೆ ಹದಿನೈದು ಗೆರೆಗಳಲ್ಲಿ ನಾಯಿ ಬಿಡಿಸಿದಳು. ಅದು ಕಾಲು ಚಾಚಿ ಮಲಗಿ, ಇಗುಚಿಯನ್ನು ನೋಡಿ ನಗುವಂತಿತ್ತು.

ಇಗುಚಿ ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿದ. "ಆರು ವರ್ಷ! ಆರು ವರ್ಷ ನಿಮ್ಮ ಕೈಲಿ ಶಾಲೆ ಕಿಟಕಿ ಬಿಡಿಸ್ದೆ ನಾನು! ಇನ್ನೂರ ನಲವತ್ತು ಕಿಟಕಿ!"

"ಕಿಟಕಿ ಬಿಡಿಸೋದು ನಂಗಿಷ್ಟ. ಏಳಿ, ಪ್ಯಾಂಟಿಗೆ ಧೂಳಾಗತ್ತೆ."

"ನನ್ನ ಪುಟದ ನಾಯಿ ನೀವೇ ಬಿಡಿಸ್ಕೊಡಿ. ಕೈ ಮುಗೀತೀನಿ."

"ಅದು ಹೇಗಾಗತ್ತೆ? ನಮನ ನಿಮ್ಮದು, ನಾಯಿನೂ ನಿಮ್ಮದೇ ಇರ್ಲಿ. ಪಾಪ, ಕಾಲೊಂದು ಚಾಚಿಸಿ, ಸಾಕು."

ಇಗುಚಿಯ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಸಂಜೆಯೊಳಗೆ ಸಂಪಾದಕಿ ಅರಿಮುರಾ ಓಡೋಡಿ ಬಂದಳು. ನೆಮೊತೊ-ಸಾನ್ ಇಪ್ಪತ್ತನೆಯವರಾಗಿ, ತಮ್ಮ ಹೆಸರಿನಲ್ಲೇ ಎರಡು ಪುಟ ಬಿಡಿಸಬೇಕು ಎಂದು ಪಟ್ಟು ಹಿಡಿದಳು. ಹಿಸಾಮಿ ಮೂರು ಸಲ ಆಗುವುದಿಲ್ಲ ಎಂದು, ನಾಲ್ಕನೆಯ ಸಲ, "ಸೆನ್ಸೇನ ಕೇಳ್ಬೇಕು. ನಾಯಿ ಯಾರದ್ದು ಅಂತ ಹೇಳೋದೂ ಬಿಡೋದೂ ಅವರಿಗೆ ಸೇರಿದ್ದು" ಎಂದಳು.

ತೊಕಿತಾ ಸೆನ್ಸೇಗೆ ಈಗ ಎಂಬತ್ತನಾಲ್ಕು. ಶಕುಜೀಯಿ ಕೆರೆಯ ಹತ್ತಿರದ ಮನೆಯಲ್ಲಿ ಮಗಳ ಜೊತೆ ಇದ್ದಾರೆ. ಹಿಸಾಮಿ ಭಾನುವಾರ ಬೆಳಗ್ಗೆ ಹುರುಳಿ ಹೂರಣದ ಸಿಹಿ ಕಡುಬಿನ ಪೊಟ್ಟಣ ಹಿಡಿದು ಹೋದಳು. ಮಗಳು ಅಡುಗೆಮನೆಗೆ ಹೋಗುವುದನ್ನೇ ಕಾದಿದ್ದು, ಸೆನ್ಸೇ ಒಂದನ್ನು ಬಾಯಿಗೆ ಹಾಕಿಕೊಂಡರು.

"ಡಾಕ್ಟ್ರು ಬೇಡ ಅಂದಿದಾರಲ್ವಾ?"

"ಡಾಕ್ಟ್ರು ಬಂದಿದಾರಾ ಇಲ್ಲಿ? ಮತ್ತೆ? ಅದಿರ್ಲಿ, ಪುಟಗಳು ಬಂದ್ವಂತೆ. ನಾಯಿ ಎಷ್ಟು ಜನ ಬಿಡಿಸಿದಾರೆ?"

"ಹತ್ತೊಂಬತ್ತರಲ್ಲಿ ಹದಿನಾರು."

"ನನ್ನ ಗೆಂಜೊನ?"

ಹಿಸಾಮಿ ಕಡುಬಿನ ಪೊಟ್ಟಣವನ್ನು ಅವರತ್ತ ಸರಿಸಿದಳು. "ಹತ್ತು ಜನ. ಅದ್ರಲ್ಲಿ ಮೂರರಲ್ಲಿ ಕೊಡೆ ಅಡ್ಡ ಬಂದು ಮುಖ ಕಾಣಲ್ಲ."

ಸೆನ್ಸೇ ಮುಖ ತಿರುಗಿಸಿ ಕಿಟಕಿಯಾಚೆ ನೋಡುತ್ತ ಕುಳಿತರು. ಬಂದ ವಿಷಯವನ್ನು ಹಿಸಾಮಿ ಮೆಲ್ಲನೆ ಹೇಳಿದಳು. ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಕಿಟಕಿಯಿಂದ ಕಣ್ಣು ತೆಗೆಯದೆ, "ಇಷ್ಟು ವರ್ಷ ನೀನು ಯಾರಿಗೂ ಯಾಕೆ ಹೇಳ್ಲಿಲ್ಲ?" ಎಂದರು.

"ನೀವೂ ಹೇಳ್ಲಿಲ್ವಲ್ಲ, ಸೆನ್ಸೇ."

ಅವಳು ಅದನ್ನು ನಗುತ್ತಲೇ ಅಂದದ್ದು. ಮುದುಕರು ಎರಡನೆಯ ಕಡುಬನ್ನು ಕೈಗೆ ತೆಗೆದುಕೊಂಡು, ತಿನ್ನದೆ ಮತ್ತೆ ಪೊಟ್ಟಣದಲ್ಲಿಟ್ಟರು. ಅದನ್ನು ಹಿಸಾಮಿ ಹಿಂದೆಂದೂ ಕಂಡಿರಲಿಲ್ಲ.

"ಬಿಡಿಸು" ಎಂದರು ಕೊನೆಗೆ. "ಆದ್ರೆ ಬರೀ ನಾಯಿ ಬಿಡಿಸಿ ಮತ ಗಿಟ್ಟಿಸ್ಕೊಳ್ಳೋ ಹಾಗಿಲ್ಲ. ಗೆಂಜೊನೂ ಬರ್ಬೇಕು. ಮುಖ ಕಾಣೋ ಹಾಗೆ."

ಇಪ್ಪತ್ತೆಂಟು ವರ್ಷದಲ್ಲಿ ಹಿಸಾಮಿ ಒಂದು ಸಲವೂ ಗೆಂಜೊನನ್ನು ಬಿಡಿಸಿರಲಿಲ್ಲ. ಅಲ್ಲೇ ಹಾಳೆ ತೆಗೆದು ಪ್ರಯತ್ನಿಸಿದಳು. ಸೆನ್ಸೇ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೆಮ್ಮು ಬರುವಷ್ಟು ನಕ್ಕರು. "ಯಾರೇ ಇವ್ನು? ತೆರಿಗೆ ಆಫೀಸಿಂದ ಬಂದೋನ ಹಾಗಿದಾನೆ! ಕೊಡೆ ರಿಪೇರಿಗಲ್ಲ, ಜಪ್ತಿಗೆ ಬಂದಿದಾನೆ!"

ಆಮೇಲೆ ನಾಲ್ಕು ಭಾನುವಾರ ಪಾಠ ನಡೆಯಿತು. ಎಂಬತ್ತನಾಲ್ಕರ ಗುರು, ಐವತ್ತೆಂಟರ ಶಿಷ್ಯೆ. ಗೆರೆ ಎಳೆದು ತೋರಿಸಲು ಅವರ ಕೈಗೆ ಆಗುತ್ತಿರಲಿಲ್ಲ, ಬಾಯಿಯಲ್ಲೇ ಹೇಳುತ್ತಿದ್ದರು. "ಹುಬ್ಬು ಹಾಗಲ್ಲ. ಕೋಪ ಬಂದಿದೆ, ಆದ್ರೆ ಮನೇಲಿ ಅಕ್ಕಿ ಇಲ್ಲ ಅನ್ನೋದೂ ನೆನಪಿದೆ. ಆ ಹುಬ್ಬು." "ಮೂಗು ಉದ್ದ ಆಯ್ತು. ಅದು ಕುರೊಸೆ ಮೂಗು." ಮೂರನೆಯ ಭಾನುವಾರ ಅವಳಿಗೆ ಸಿಟ್ಟು ಬಂದು, "ನಿಮ್ಮ ನಾಯಿ ಬಿಡಿಸೋವಾಗ ನೀವು ಹೀಗೆ ತಲೆ ತಿಂದಿದ್ರಾ?" ಎಂದಳು. "ನನ್ನ ನಾಯಿಯಲ್ಲ, ನಿನ್ನ ನಾಯಿ" ಎಂದರು ಸೆನ್ಸೇ. ನಾಯಿಯನ್ನು ಪಾಲು ಮಾಡಿಕೊಟ್ಟ ದಿನದ ಮೇಲೆ ಅವರು ಹೀಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾಲ್ಕನೆಯ ಭಾನುವಾರ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಮಗಳನ್ನು ಕರೆದು, "ಬಾ, ಗೆಂಜೊ ಬಂದಿದಾನೆ ನೋಡು" ಎಂದರು.

ವಿಶೇಷ ಸಂಚಿಕೆ ಹೊರಬಂತು. ಯಾರು ಈ ನೆಮೊತೊ ಹಿಸಾಮಿ ಎಂಬ ವಿವರ ಅದರಲ್ಲಿರಲಿಲ್ಲ. ಅದನ್ನು ತಾವೇ ಹೇಳುವುದಾಗಿ ಸೆನ್ಸೇ ಅರಿಮುರಾಳನ್ನು ತಡೆದಿದ್ದರು. ಶರತ್ಕಾಲದಲ್ಲಿ ಕಾಂಡಾದ ಒಂದು ಸಣ್ಣ ಸಭಾಂಗಣದಲ್ಲಿ ಮೂಲಚಿತ್ರಗಳ ಪ್ರದರ್ಶನ. ಹತ್ತೊಂಬತ್ತು ಮಂದಿ ಖ್ಯಾತನಾಮರೂ ಶಾಲೆಯ ಮಕ್ಕಳಂತೆ ಕೂದಲು ಬಾಚಿಕೊಂಡು ಬಂದಿದ್ದರು. ತೊಕಿತಾ ಸೆನ್ಸೇ ಗಾಲಿಕುರ್ಚಿಯನ್ನು ಒಂದೊಂದೇ ಚಿತ್ರದ ಮುಂದೆ ನಿಲ್ಲಿಸಿಕೊಂಡು, ಗೆಂಜೊನನ್ನು ಬಿಡಿಸಿದವರಿಗೆ ಅವನಲ್ಲಿ ಏನು ತಪ್ಪಿದೆ ಎಂದು ಬಿಡಿಸಿ ಹೇಳಿದರು, ಬಿಡಿಸದವರಿಗೆ ಯಾಕೆ ಬಿಡಿಸಲಿಲ್ಲವೆಂದು ಗದರಿದರು. ಬೈಸಿಕೊಂಡವರೆಲ್ಲ ಬಹುಮಾನ ಸಿಕ್ಕವರಂತೆ ಬೀಗುತ್ತ ಹೋದರು. ಇಗುಚಿಗೆ ಮಾತ್ರ, "ನಿನ್ನ ಅಡುಗೆಯವನು ಚೆನ್ನಾಗಿದಾನೆ. ನಾಯಿಗೆ ಕಾಲು ನೋವಾ?" ಎಂದರು.

ಮಾತನಾಡಲು ಧ್ವನಿವರ್ಧಕ ಕೊಟ್ಟಾಗ ಸೆನ್ಸೇ ಕಿಮೊನೊ ತೋಳಿನಿಂದ ಒಂದು ಕಾರ್ಡು ತೆಗೆದರು. ಓದುಗರೊಬ್ಬರ ಪತ್ರ. ಕನ್ನಡಕ ಸರಿಮಾಡಿಕೊಂಡು ಓದಿದರು: "ನೆಮೊತೊ ಎಂಬ ಹೊಸಬರ ಪುಟಗಳಲ್ಲಿ ಗೆಂಜೊ ಬಹಳ ಚೆನ್ನಾಗಿ ಬಂದಿದ್ದಾನೆ. ಆದರೆ ನಾಯಿ ಮಾತ್ರ ಮೂಲದ ಸಮಕ್ಕೆ ಇಲ್ಲ. ಇವರು ಇನ್ನೂ ಅಭ್ಯಾಸ ಮಾಡಬೇಕು."

ಸಭೆ ಮೆಲ್ಲಗೆ ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ಹಿಸಾಮಿ ಸುಶಿಯ ತಟ್ಟೆಯ ಹಿಂದೆ ಮುಖ ಮರೆಮಾಡಿಕೊಂಡಳು.

"ಈ ಓದುಗರಿಗೆ ನಾನೊಂದು ವಿಷಯ ಹೇಳ್ಬೇಕು" ಎಂದರು ಸೆನ್ಸೇ. "ಆ ಮೂಲದ ನಾಯಿನ ಬಿಡಿಸಿದ್ದೂ ಇವಳೇ. ಮೊದಲನೇ ವಾರದಿಂದ ಕೊನೇ ಸೇತುವೆವರೆಗೂ. ನಾನು ಆ ನಾಯಿಗೆ ಒಂದು ಮೀಸೆ ಕೂಡ ಬಿಡಿಸಿದವನಲ್ಲ. ನನಗೆ ಹೊಟ್ಟೆಕಿಚ್ಚಿತ್ತು, ಹೇಳ್ಲಿಲ್ಲ. ನೆಮೊತೊ, ತಪ್ಪಾಯ್ತು." ಇಷ್ಟು ಹೇಳಿ ಕುರ್ಚಿಯಲ್ಲಿ ಕುಳಿತಲ್ಲಿಂದಲೇ ತಲೆ ಬಾಗಿಸಿದರು. ಮರುಕ್ಷಣವೇ ತಲೆಯೆತ್ತಿ, "ಒಂದು ವಾರ ಬಿಟ್ಟು. ಆ ವಾರದ್ದು ಕುದುರೆ" ಎಂದರು.

ಆಮೇಲೆ ಹತ್ತೊಂಬತ್ತು ಮಂದಿಯೂ ಹಿಂದಿನ ಸಾಲಿಗೆ ನುಗ್ಗಿದರು. ಲಕ್ಷಗಟ್ಟಲೆ ಪ್ರತಿ ಮಾರಾಟವಾಗುವ ಚಿತ್ರಗಾರರು ಕಾಗದದ ತಟ್ಟೆ, ಕರವಸ್ತ್ರ, ಆಮಂತ್ರಣ ಪತ್ರಿಕೆಯ ಹಿಂಬದಿ ಹೀಗೆ ಸಿಕ್ಕಿದ್ದನ್ನು ಚಾಚಿ, ನನಗೊಂದು, ನನಗೊಂದು ಎಂದು ನಾಯಿ ಕೇಳತೊಡಗಿದರು. ಐವತ್ತು ದಾಟಿದ ಒಬ್ಬ ಗಡ್ಡದವನು ಕಣ್ಣೊರೆಸಿಕೊಳ್ಳುತ್ತ, "ಅದು ಯಾತ್ರೆಗೆ ಹೋದಾಗ ನಾನು ಆರು ವಾರ ಹೋಮ್‌ವರ್ಕ್ ಮಾಡಿರ್ಲಿಲ್ಲ ಮೇಡಂ" ಎಂದ. ಹಿಸಾಮಿ ಬಿಡಿಸುತ್ತಲೇ ಹೋದಳು. ಕಣ್ಣೀರು ಬಿದ್ದು ಎರಡು ನಾಯಿಗಳು ಕದಡಿಹೋದವು, ಆ ಎರಡಕ್ಕೇ ಜಗಳ ಹೆಚ್ಚಾಯಿತು. ಅತ್ತ ವೇದಿಕೆಯ ಬಳಿ ಒಬ್ಬರೇ ಉಳಿದ ಸೆನ್ಸೇ, "ಏನ್ರಯ್ಯಾ, ನನಗೊಂದು ಲೋಟ ಚಹಾ ಕೊಡೋರೂ ಇಲ್ವಾ?" ಎಂದು ಕೂಗಿದರು. ಹೊನೊಕಾ ಓಡಿದಳು.

ಮಾರನೆಯ ದಿನ ಹತ್ತು ಗಂಟೆಗೆ ಹಿಸಾಮಿ ಎಂದಿನಂತೆ ಕೆಲಸಕ್ಕೆ ಬಂದು ಚಪ್ಪಲಿ ಬಿಟ್ಟಾಗ ಇಗುಚಿ ಬಾಗಿಲಲ್ಲೇ ಅಡ್ಡ ನಿಂತಿದ್ದ.

"ನೆಮೊತೊ-ಸಾನ್, ಇವತ್ತು ನಿಮಗೆ ರಜ. ಇನ್ಮೇಲೆ ನಿಮ್ಮ ಕೈಲಿ ಮೆಟ್ಟಿಲು ಬಿಡಿಸೋಕೆ ನನಗೆ ಧೈರ್ಯ ಇಲ್ಲ. ನಾನೇ ಬಿಡಿಸ್ಕೋತೀನಿ."

ಅವಳು ಅವನ ಹೆಗಲ ಮೇಲಿಂದ ಒಳಗೆ ಪರದೆಯತ್ತ ಕಣ್ಣು ಹಾಯಿಸಿದಳು. ಅವನು ಬೆಳಗ್ಗೆಯೇ ಶುರುಮಾಡಿದ್ದ ಶಾಲೆಯ ಮೆಟ್ಟಿಲು ಅಲ್ಲಿತ್ತು.

"ಇದನ್ನ ಹತ್ತಿದ ಮಕ್ಕಳು ಮೇಲಿನ ಮಹಡಿಗಲ್ಲ, ಸೀದಾ ಆಸ್ಪತ್ರೆಗೆ ಹೋಗ್ತಾರೆ. ಪಕ್ಕಕ್ಕೆ ಸರೀರಿ" ಎಂದು ಹೇಳಿ, ಚೀಲ ಗೂಟಕ್ಕೆ ಸಿಕ್ಕಿಸಿ, ತನ್ನ ಜಾಗದಲ್ಲಿ ಹೋಗಿ ಕುಳಿತಳು.